ನ್ಯಾಯಪೀಠದಿಂದ ರಣರಂಗಕ್ಕೆ: ಬಹಮನಿ ಮುಖ್ಯ ನ್ಯಾಯಾಧೀಶ ಮೀರ್ ಫಜ್ಲುಲ್ಲಾ ಇಂಜು ಮತ್ತು ಎಡೆದೊರೆ ನಾಡು

ರಾಯಚೂರು ಜಿಲ್ಲೆಯ ಮುಕ್ಕುಂದ ತುಂಗಭದ್ರೆಯ ಎಡದಂಡೆಯ ಮೇಲಿರುವ ಊರು. ಅಲ್ಲಿಂದ ಉತ್ತರಕ್ಕೆ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನು ದಾಟಿ ಕೃಷ್ಣೆಯವರೆಗೆ ಹರಡಿರುವ ಕಪ್ಪುನೆಲವನ್ನು ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಎರಡು ಹೊಳೆಗಳ ನಡುವಿನ ನಾಡು ಎಂಬುದೇ ಆ ಹೆಸರಿನ ಅರ್ಥ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಇದೇ ನಾಡಿನ ಮಸ್ಕಿಯಲ್ಲಿ. ಚಾಲುಕ್ಯ ಎರಡನೆಯ ಜಯಸಿಂಹನಿಗೂ ರಾಜೇಂದ್ರ ಚೋಳನಿಗೂ ಕಾಳಗ ನಡೆದ ಮುಸಂಗಿಯನ್ನು ಅನೇಕ ವಿದ್ವಾಂಸರು ಮಸ್ಕಿಯೆಂದೇ ಗುರುತಿಸಿದ್ದಾರೆ. ಎಂದರೆ, ವಿಜಯನಗರ ಮತ್ತು ಬಹಮನಿ ರಾಜ್ಯಗಳು ಹುಟ್ಟುವುದಕ್ಕೆ ಮೂರು ಶತಮಾನಗಳಿಗೂ ಮೊದಲೇ ಈ ನೆಲ ದೊಡ್ಡ ಅರಸರ ಕಣವಾಗಿತ್ತು. ಕಪ್ಪುನೆಲದ ಬೆಳೆ, ಹಟ್ಟಿಯ ಸುತ್ತಲಿನ ಚಿನ್ನದ ಗಣಿ, ಮುದಗಲ್ಲು ಮತ್ತು ರಾಯಚೂರಿನ ಕೋಟೆಗಳು ಇವೇ ಆ ಹೋರಾಟಕ್ಕೆ ಕಾರಣಗಳಾಗಿದ್ದವು.

14 ಮತ್ತು 15ನೆಯ ಶತಮಾನಗಳಲ್ಲಿ ಈ ನಾಡಿಗಾಗಿ ನಡೆದ ಯುದ್ಧಗಳನ್ನು ಹೇಳುವಾಗ ನಮ್ಮ ಚರಿತ್ರೆಗಳು ಅರಸರನ್ನೂ ದಂಡನಾಯಕರನ್ನೂ ಮಾತ್ರ ಎಣಿಸುತ್ತವೆ. ಆದರೆ ಆ ಯುದ್ಧಗಳ ಒಳಗೆ ನಾಲ್ಕು ದಶಕಗಳ ಹತ್ತಿರದ ಕಾಲ ಓಡಾಡಿದ ಒಬ್ಬ ನ್ಯಾಯಾಧೀಶನಿದ್ದಾನೆ. ಆತನೇ ಕಲಬುರಗಿಯ ಬಹಮನಿ ಸುಲ್ತಾನರ ಆಸ್ಥಾನದಲ್ಲಿ ಸದರ್ ಪದವಿಯಲ್ಲಿದ್ದು, ಬಳಿಕ ರಾಜ್ಯದ ಪ್ರಧಾನನಾದ ಮೀರ್ ಫಜ್ಲುಲ್ಲಾ ಇಂಜು. ಈತನ ಜೀವನವನ್ನು ತಿಳಿಯಲು ಇರುವ ಮುಖ್ಯ ಆಕರ ಮುಹಮ್ಮದ್ ಕಾಸಿಂ ಫಿರಿಸ್ತಾನ ಚರಿತ್ರೆ. ಫಿರಿಸ್ತಾ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿದ್ದು 17ನೆಯ ಶತಮಾನದ ಮೊದಲ ದಶಕದಲ್ಲಿ ಬರೆದವನು. ಫಜ್ಲುಲ್ಲಾ ಸತ್ತು ಆಗಲೇ ಎರಡು ಶತಮಾನಗಳ ಹತ್ತಿರ ಸಂದಿದ್ದವು. ಅಷ್ಟು ಕಾಲ ಬಾಯಿಂದ ಬಾಯಿಗೆ, ಬರಹದಿಂದ ಬರಹಕ್ಕೆ ಸಾಗಿ ಬಂದ ಈ ವೃತ್ತಾಂತದಲ್ಲಿ ಚರಿತ್ರೆಯೂ ಕಥೆಯೂ ಬೆರೆತಿವೆ. ಅವೆರಡನ್ನು ಬಿಡಿಸಿ ನೋಡುವುದಷ್ಟೇ ಸಾಲದು. ಕಥೆ ಯಾವ ಕಡೆಗೆ ವಾಲಿದೆ ಎಂಬುದನ್ನೂ ನೋಡಬೇಕು.

ಸದರ್ ಎಂಬ ಪದವಿ

ಮಧ್ಯಕಾಲದ ಇಸ್ಲಾಮೀ ರಾಜ್ಯಗಳಲ್ಲಿ ನ್ಯಾಯದಾನದ ಮೂಲಘಟಕ ಖಾಜಿ. ಪಟ್ಟಣಕ್ಕೊಬ್ಬ ಖಾಜಿ ಇದ್ದು, ಮದುವೆ, ವಿಚ್ಛೇದನ, ಆಸ್ತಿಯ ಪಾಲು, ಸಾಲ, ಅನಾಥರ ಸ್ವತ್ತು ಮುಂತಾದ ವ್ಯಾಜ್ಯಗಳನ್ನು ಷರೀಯತ್ತಿನಂತೆ ತೀರ್ಮಾನಿಸುತ್ತಿದ್ದನು. ಶಾಸ್ತ್ರದ ಅಭಿಪ್ರಾಯ ಹೇಳಲು ಮುಫ್ತಿ, ಪೇಟೆಯ ತೂಕ ಅಳತೆ ಮತ್ತು ನಡತೆಗಳ ಮೇಲೆ ಕಣ್ಣಿಡಲು ಮುಹ್ತಸಿಬ್, ಕಳವು ಗಲಭೆಗಳ ಹತೋಟಿಗೆ ಕೊತ್ವಾಲ ಇದ್ದರು. ಇವರೆಲ್ಲರ ಮೇಲಿನ ಶಾಸ್ತ್ರಾಧಿಕಾರ ಸದರನದು. ವಿದ್ವಾಂಸರಿಗೆ ವೇತನ, ಮಸೀದಿ ಮದರಸಗಳಿಗೆ ದತ್ತಿ, ಖಾಜಿಗಳ ನೇಮಕ ಇವು ಆತನ ಹೊಣೆಗಳು. ದಿಲ್ಲಿಯಲ್ಲಿ ಸದರ್ ಮತ್ತು ಮುಖ್ಯ ಖಾಜಿಯ ಪದವಿಗಳು ಬಹುಮಟ್ಟಿಗೆ ಒಬ್ಬನ ಕೈಯಲ್ಲೇ ಇರುತ್ತಿದ್ದವು. 1347ರಲ್ಲಿ ದಿಲ್ಲಿಯಿಂದ ಬೇರ್ಪಟ್ಟು ಸ್ಥಾಪನೆಯಾದ ಬಹಮನಿ ರಾಜ್ಯವೂ ಇದೇ ಏರ್ಪಾಡನ್ನು ಮುಂದುವರಿಸಿತು.

ಆದರೆ ಈ ವ್ಯವಸ್ಥೆ ಎಡೆದೊರೆಯ ಪ್ರತಿ ಹಳ್ಳಿಯನ್ನೂ ಮುಟ್ಟಿತ್ತೆಂದು ತಿಳಿಯಬಾರದು. ಹೊಲದ ಬದು, ಕೆರೆಯ ನೀರು, ಜಾತಿಯ ಕಟ್ಟಳೆಗಳ ವ್ಯಾಜ್ಯಗಳನ್ನು ಗೌಡ, ಸೇನಬೋವ, ಮಹಾಜನ ಮತ್ತು ಒಕ್ಕಲುಗಳು ಕೂಡಿ ಕಟ್ಟೆಯ ಮೇಲೆಯೇ ಬಗೆಹರಿಸುತ್ತಿದ್ದರು. ಖಾಜಿಯ ನ್ಯಾಯ ಪಟ್ಟಣ ಮತ್ತು ಕೋಟೆಗಳದು, ಕಟ್ಟೆಯ ನ್ಯಾಯ ಹಳ್ಳಿಗಳದು. ಕೋಟೆಯ ಒಡೆಯ ಬದಲಾದಾಗಲೂ ಕಟ್ಟೆಯ ನ್ಯಾಯ ಬದಲಾಗಲಿಲ್ಲ ಎಂಬುದು ಈ ನಾಡಿನ ಸಾಮಾಜಿಕ ಚರಿತ್ರೆಯ ಮುಖ್ಯ ಅಂಶ.

ಶಿರಾಜಿನಿಂದ ಕಲಬುರಗಿಗೆ

ಫಜ್ಲುಲ್ಲಾ ಇಂಜು ಇರಾನಿನ ಶಿರಾಜಿನವನು. ಪ್ರಸಿದ್ಧ ತರ್ಕಶಾಸ್ತ್ರಜ್ಞ ಸಾದುದ್ದೀನ್ ತಫ್ತಾಜಾನಿಯ ಶಿಷ್ಯನೆಂದು ಹೆಸರಾದವನು. 1378ರಿಂದ 1397ರವರೆಗೆ ಆಳಿದ ಎರಡನೆಯ ಮುಹಮ್ಮದ್ ಶಾಹನ ಕಾಲದಲ್ಲಿ ಆತ ಕಲಬುರಗಿಯಲ್ಲಿ ನ್ಯಾಯಪೀಠದ ಮೇಲಿದ್ದನು. ಈ ಸುಲ್ತಾನ ಯುದ್ಧಪ್ರಿಯನಲ್ಲ, ವಿದ್ಯಾಪ್ರಿಯ. ಕಲಬುರಗಿ, ಬೀದರ್, ದೌಲತಾಬಾದ್ ಮೊದಲಾದ ಪಟ್ಟಣಗಳಲ್ಲಿ ಅನಾಥ ಮಕ್ಕಳಿಗಾಗಿ ಶಾಲೆಗಳನ್ನು ತೆರೆಸಿದವನು. ಶಿರಾಜಿನ ಮಹಾಕವಿ ಹಾಫಿಜನನ್ನು ದಖ್ಖನಕ್ಕೆ ಕರೆಸುವ ಪ್ರಯತ್ನ ನಡೆದದ್ದೂ ಈ ಕಾಲದಲ್ಲಿ. ಕವಿಗೆ ದಾರಿಯ ಖರ್ಚಿನ ಹಣವನ್ನು ಕಳಿಸಿದವನು ಫಜ್ಲುಲ್ಲಾ. ಹಾಫಿಜ್ ಹೊರಟು ಹೊರ್ಮುಜ್ ಬಂದರಿಗೆ ಬಂದು ಹಡಗನ್ನೂ ಹತ್ತಿದನು. ಆದರೆ ಬಿರುಗಾಳಿಗೆ ಅಂಜಿ ಇಳಿದುಬಿಟ್ಟು, ಒಂದು ಗಜಲನ್ನು ಮಾತ್ರ ಫಜ್ಲುಲ್ಲಾನಿಗೆ ಕಳಿಸಿ ಊರಿಗೆ ಮರಳಿದನೆಂದು ಫಿರಿಸ್ತಾ ಬರೆದಿದ್ದಾನೆ.

ಈ ಆಳ್ವಿಕೆಯ ನ್ಯಾಯದಾನವನ್ನು ಕುರಿತು ಫಿರಿಸ್ತಾ ಒಂದು ಪ್ರಸಂಗವನ್ನು ಹೇಳುತ್ತಾನೆ. ವ್ಯಭಿಚಾರದ ಆರೋಪ ಹೊತ್ತ ಒಬ್ಬ ಹೆಂಗಸನ್ನು ಖಾಜಿಯ ಮುಂದೆ ತರಲಾಯಿತು. ಗಂಡಸಿಗೆ ನಾಲ್ವರು ಹೆಂಡಿರು ಸಲ್ಲುವುದಾದರೆ ಹೆಂಗಸಿಗೂ ನಾಲ್ವರು ಗಂಡಂದಿರು ಸಲ್ಲುವರೆಂದು ತಿಳಿದಿದ್ದೆ, ಅದು ತಪ್ಪೆಂದಾದರೆ ಇನ್ನು ಮುಂದೆ ಮಾಡುವುದಿಲ್ಲ ಎಂದು ಆಕೆ ಹೇಳಿದಳಂತೆ. ಆ ಜಾಣತನದ ಮಾತಿನಿಂದಲೇ ಆಕೆ ಶಿಕ್ಷೆಯಿಂದ ಪಾರಾದಳು. ಶಾಸ್ತ್ರಿಯ ಬಾಯಿಯನ್ನು ಅವನದೇ ಶಾಸ್ತ್ರದಿಂದ ಕಟ್ಟಿಹಾಕುವ ಜಾಣೆ ಕನ್ನಡ ಜನಪದ ಕಥೆಗಳಿಗೂ ಹೊಸಬಳಲ್ಲ. ಅರಬರ, ಇರಾನಿಯರ ಕಥೆಗಳಲ್ಲೂ ಆಕೆ ಇದ್ದಾಳೆ. ಹೀಗೆ ದೇಶ ತಿರುಗಿದ ಕಥೆಯೊಂದು ಕಲಬುರಗಿಯ ನ್ಯಾಯಸಭೆಗೆ ಬಂದು ಅಂಟಿಕೊಂಡಿರುವುದು ಸಾಧ್ಯ. ಆದರೂ ಇದನ್ನು ನಿಷ್ಪ್ರಯೋಜಕವೆಂದು ತಳ್ಳುವಂತಿಲ್ಲ. ಕಠಿಣವಾದ ನಿಯಮವನ್ನು ಕೈಯಲ್ಲಿ ಹಿಡಿದೂ ನಗಬಲ್ಲ ನ್ಯಾಯಾಧೀಶನನ್ನು ಜನ ನೆನೆಯಲು ಬಯಸಿದ್ದರು ಎಂಬುದಕ್ಕೆ ಇದು ಸಾಕ್ಷಿ.

1398: ಒಬ್ಬ ಖಾಜಿ, ಒಬ್ಬ ಸದರ್

1397ರಲ್ಲಿ ಮುಹಮ್ಮದ್ ಶಾಹ ತೀರಿಕೊಂಡ ಮೇಲೆ ಇಬ್ಬರು ಅರಸರು ಕೆಲವೇ ತಿಂಗಳುಗಳಲ್ಲಿ ಪಟ್ಟವೇರಿ ಇಳಿದರು. ಅದೇ ವರ್ಷದ ಕೊನೆಯಲ್ಲಿ ಫಿರೋಜ್ ಶಾಹ ಸುಲ್ತಾನನಾದನು. ಫಿರೋಜನೂ ಅವನ ತಮ್ಮ ಅಹಮದನೂ ಫಜ್ಲುಲ್ಲಾನ ಬಳಿ ಓದಿದವರು. ಫಿರೋಜ್ ತನ್ನ ಗುರುವನ್ನು ರಾಜ್ಯದ ವಕೀಲನನ್ನಾಗಿ, ಎಂದರೆ ಅರಸನ ಪರವಾಗಿ ಆಡಳಿತ ನಡೆಸುವ ಪ್ರಧಾನನನ್ನಾಗಿ ನೇಮಿಸಿದನು. ನ್ಯಾಯಪೀಠದಿಂದ ಎದ್ದ ಫಜ್ಲುಲ್ಲಾ ಅಲ್ಲಿಂದ ಮುಂದೆ ಕುದುರೆಯ ಮೇಲೆಯೇ ಹೆಚ್ಚಾಗಿ ಕಾಣಿಸುತ್ತಾನೆ.

ಮರುವರ್ಷವೇ ವಿಜಯನಗರದ ಸೇನೆ ಮುದಗಲ್ಲು ಮತ್ತು ರಾಯಚೂರು ಕೋಟೆಗಳನ್ನು ಹಿಡಿಯಲು ಎಡೆದೊರೆಯೊಳಕ್ಕೆ ಬಂದು ಕೃಷ್ಣೆಯ ದಂಡೆಯಲ್ಲಿ ಬೀಡುಬಿಟ್ಟಿತು. ಫಿರಿಸ್ತಾ ಈ ಅರಸನನ್ನು ದೇವರಾಯನೆನ್ನುತ್ತಾನೆ. ಆದರೆ ಆಗ ಆಳುತ್ತಿದ್ದವನು ಎರಡನೆಯ ಹರಿಹರ. ಹೊಳೆ ತುಂಬಿ ಹರಿಯುತ್ತಿದ್ದುದರಿಂದ ಫಿರೋಜನ ಸೇನೆ ಆಚೆ ದಡದಲ್ಲೇ ನಿಂತಿತು. ಆಗ ಖಾಜಿ ಸಿರಾಜ್ ಎಂಬವನು ಏಳು ಮಂದಿ ಗೆಳೆಯರೊಡನೆ ಫಕೀರರ ವೇಷದಲ್ಲಿ ಹೊಳೆ ದಾಟಿ, ವಿಜಯನಗರದ ಬೀಡಿನ ನರ್ತಕಿಯರ ಕೇರಿಯನ್ನು ಸೇರಿದನು. ಒಬ್ಬ ನರ್ತಕಿಯ ಮೋಹಕ್ಕೆ ಬಿದ್ದವನಂತೆ ನಟಿಸಿ, ತಾನೂ ವಾದ್ಯ ನುಡಿಸಬಲ್ಲೆನೆಂದು ತೋರಿಸಿ, ಆಕೆಯ ಮೇಳದೊಡನೆ ರಾಜಕುಮಾರನ ಡೇರೆಯನ್ನು ಹೊಕ್ಕನು. ಹೆಣ್ಣುವೇಷದಲ್ಲಿ ಕಠಾರಿಯ ಕುಣಿತವನ್ನು ಆಡುತ್ತ, ಅದೇ ಕಠಾರಿಯಿಂದ ರಾಜಕುಮಾರನನ್ನು ಇರಿದನು. ಕತ್ತಲೆಯ ಗಲಿಬಿಲಿಯಲ್ಲಿ ಫಿರೋಜನ ಸೇನೆ ಹೊಳೆ ದಾಟಿತು. ವಿಜಯನಗರದ ಸೇನೆ ಹಿಂದೆ ಸರಿಯಿತು.

ಈ ವೃತ್ತಾಂತದಲ್ಲಿ ಜನಪದ ಕಥೆಯ ಆಶಯಗಳು ಒಂದರ ಹಿಂದೊಂದು ಬರುತ್ತವೆ: ದಾಟಲಾಗದ ಹೊಳೆ, ಸಾಧುವಿನ ವೇಷ, ವೇಶ್ಯೆಯ ಮನೆಯ ಆಶ್ರಯ, ಗಂಡಸಿನ ಹೆಣ್ಣುವೇಷ, ಆಟದ ಆಯುಧವೇ ಕೊಲ್ಲುವ ಆಯುಧವಾಗುವುದು. ಮಹಾಭಾರತದ ಕೀಚಕವಧೆಯ ಪ್ರಸಂಗವನ್ನು ಬಯಲಾಟದಲ್ಲಿ ನೋಡಿ ಬಲ್ಲ ಈ ನಾಡಿನವರಿಗೆ ನಾಟ್ಯಶಾಲೆಯ ಕತ್ತಲೆಯಲ್ಲಿ ಹೆಣ್ಣುವೇಷದಿಂದ ಕೊಲ್ಲುವ ಸಂವಿಧಾನ ಹೊಸದೆನಿಸದು. ಕೊಲೆಯಾದ ರಾಜಕುಮಾರನ ಹೆಸರನ್ನು ಫಿರಿಸ್ತಾ ಕೊಟ್ಟಿಲ್ಲ. 1404ರಲ್ಲಿ ಹರಿಹರ ತೀರಿಕೊಂಡಾಗ ಪಟ್ಟಕ್ಕಾಗಿ ಸೆಣಸಿದ ವಿರೂಪಾಕ್ಷ, ಬುಕ್ಕ ಮತ್ತು ದೇವರಾಯರು ಈ ಯುದ್ಧದಲ್ಲಿ ಸತ್ತವರಲ್ಲ ಎಂಬುದಂತೂ ಸ್ಪಷ್ಟ.

ಇದೇ ಯುದ್ಧದ ಕೊನೆಯಲ್ಲಿ ಫಜ್ಲುಲ್ಲಾ ಕಾಣಿಸಿಕೊಳ್ಳುತ್ತಾನೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಇರುವುದು ಲೆಕ್ಕ ಮತ್ತು ಕರಾರು. ಆತನೂ ಅಹಮದ್ ಖಾನನೂ ವಿಜಯನಗರದ ದಕ್ಷಿಣದ ಸೀಮೆಗಳನ್ನು ಸೂರೆಗೊಂಡು ಬಹಳ ಜನರನ್ನು ಸೆರೆಹಿಡಿದಿದ್ದರು. ಸೆರೆಯಾದವರಲ್ಲಿ ಬ್ರಾಹ್ಮಣ ಕುಟುಂಬಗಳೂ ಇದ್ದವು. ಅವರ ನಂಟರು ರಾಯನಲ್ಲಿ ಮೊರೆಯಿಟ್ಟರು. ರಾಯನ ಕಡೆಯವರು ಸಂಧಾನಕ್ಕೆ ಬಂದರು. ಬಹಮನಿಗಳ ಪರವಾಗಿ ಆ ಸಂಧಾನ ನಡೆಸಿದವನು ಫಜ್ಲುಲ್ಲಾ. ಸುಲ್ತಾನನ ಬೊಕ್ಕಸಕ್ಕೆ 10 ಲಕ್ಷ ಹೊನ್ನು ಸಲ್ಲಬೇಕು, ಸೆರೆಯವರನ್ನು ಬಿಡಬೇಕು, ಒಬ್ಬರ ಪ್ರಜೆಗಳನ್ನು ಇನ್ನೊಬ್ಬರು ಪೀಡಿಸಬಾರದು ಎಂದು ಒಪ್ಪಂದವಾಯಿತು.

ಈ ಕೊನೆಯ ಮಾತಿಗೆ ಒಂದು ಹಿನ್ನೆಲೆಯಿದೆ. 1366ರಲ್ಲಿ ಒಂದನೆಯ ಮುಹಮ್ಮದ್ ಶಾಹ ಮದ್ಯದ ಅಮಲಿನಲ್ಲಿ, ಗಾಯಕರಿಗೆ ಕೊಡಬೇಕಾದ ಬಹುಮಾನವನ್ನು ವಿಜಯನಗರದ ಬೊಕ್ಕಸದಿಂದ ಕೊಡತಕ್ಕದ್ದೆಂದು ಪತ್ರ ಬರೆಸಿದನು. ಅದರಿಂದ ಹುಟ್ಟಿದ ಯುದ್ಧದಲ್ಲಿ ಬುಕ್ಕರಾಯನ ಸೇನೆ ಮುದಗಲ್ಲನ್ನು ಹಿಡಿದು ಕೋಟೆಯವರನ್ನು ಕೊಂದಿತು. ಸುಲ್ತಾನನ ಪ್ರತೀಕಾರದಲ್ಲಿ ಆಯುಧ ಹಿಡಿಯದ ಜನ ಲೆಕ್ಕವಿಲ್ಲದಷ್ಟು ಸತ್ತರು. ಕಡೆಗೆ ಸೆರೆಯಾಳುಗಳನ್ನೂ ನಿರಾಯುಧರನ್ನೂ ಕೊಲ್ಲುವುದಿಲ್ಲವೆಂದು ಸುಲ್ತಾನ ಮಾತು ಕೊಟ್ಟನು. ಮುಂದೆ ಬರುವವರೂ ಅದಕ್ಕೆ ಬದ್ಧರೆಂದನು. 1398ರಲ್ಲಿ ಸೆರೆಸಿಕ್ಕವರು ಜೀವಂತ ಮರಳಲು ಸಾಧ್ಯವಾದುದನ್ನು ಈ ಮಾತಿನ ಬೆಳಕಿನಲ್ಲಿ ನೋಡಬೇಕು. ಜನರನ್ನು ಸೆರೆಹಿಡಿದು ಹಣಕ್ಕೆ ಬಿಡುವುದು ಇಂದಿನ ನ್ಯಾಯವಲ್ಲ. ಆದರೆ ಮೂವತ್ತೆರಡು ವರ್ಷಗಳ ಹಿಂದಿನ ಹತ್ಯೆಗಳ ಪಕ್ಕದಲ್ಲಿಟ್ಟಾಗ ಫಜ್ಲುಲ್ಲಾನ ಕರಾರಿನ ಬೆಲೆ ತಿಳಿಯುತ್ತದೆ. ಆ ಯುದ್ಧದಲ್ಲಿ ನಿಜವಾಗಿ ನ್ಯಾಯಾಧೀಶನ ಕೆಲಸವೆನ್ನಬಹುದಾದದ್ದು ಖಾಜಿಯ ಕಠಾರಿಯಲ್ಲ, ಸದರನ ಈ ಕರಾರು.

ಶಾಸ್ತ್ರ ಮತ್ತು ಅರಸ

ಫಿರೋಜ್ ಶಾಹ ವಾರದಲ್ಲಿ ಮೂರು ದಿನ ಗಣಿತ, ರೇಖಾಗಣಿತ, ತತ್ತ್ವ, ಅಲಂಕಾರಗಳನ್ನು ತಾನೇ ಪಾಠ ಹೇಳುತ್ತಿದ್ದ ಅರಸ. ಅವನು ಪಾಠ ಹೇಳುತ್ತಿದ್ದ ಗ್ರಂಥಗಳಲ್ಲಿ ತಫ್ತಾಜಾನಿಯವೂ ಇದ್ದವು. ಗುರುವಿನ ಗುರುವಿನ ವಿದ್ಯೆ ಹೀಗೆ ಭೀಮೆಯ ದಡಕ್ಕೆ ಬಂದಿತು. ಆದರೆ ಇದೇ ಅರಸ ನಾಲ್ವರು ಹೆಂಡಿರ ಮಿತಿಯನ್ನು ದಾಟಲು ಶಾಸ್ತ್ರದಲ್ಲಿ ದಾರಿಯಿದೆಯೇ ಎಂದು ಕೇಳಿದಾಗ, ಮುತಾ ಎಂಬ ತಾತ್ಕಾಲಿಕ ವಿವಾಹ ಶಿಯಾ ಪಂಥದ ಪ್ರಕಾರ ಸಲ್ಲುತ್ತದೆಂದು ದಾರಿ ತೋರಿಸಿದವನು ಫಜ್ಲುಲ್ಲಾ. ಸುನ್ನಿ ಪಂಡಿತರು ಅದನ್ನು ವಿರೋಧಿಸಿದರು, ಚರ್ಚೆ ನಡೆಯಿತು, ಅರಸನಿಗೆ ಬೇಕಾದ ಅರ್ಥವೇ ಗೆದ್ದಿತು. ಬಡ ಹೆಂಗಸೊಬ್ಬಳು ತನ್ನ ಜೀವ ಉಳಿಸಿಕೊಳ್ಳಲು ಶಾಸ್ತ್ರವನ್ನು ತಿರುಗಿಸಿದ ಪ್ರಸಂಗವನ್ನು ಇದರೊಡನೆ ಇಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಆಕೆ ಇನ್ನು ಮುಂದೆ ಮಾಡುವುದಿಲ್ಲವೆಂದು ಮಾತು ಕೊಡಬೇಕಾಯಿತು. ಅರಸ ಯಾರಿಗೂ ಮಾತು ಕೊಡಬೇಕಾಗಲಿಲ್ಲ. ಫಜ್ಲುಲ್ಲಾನ ಜೀವನದಲ್ಲಿ ವಿದ್ವತ್ತು ಅಧಿಕಾರಕ್ಕೆ ಬಾಗಿದ ಕ್ಷಣವಿದು. ಇದನ್ನು ಮುಚ್ಚಿಡುವುದು ಚರಿತ್ರೆಗೆ ತಕ್ಕುದಲ್ಲ.

ಬೇರಾರಿನ ಆಚೆಯ ಖೇರ್ಲಾದ ನರಸಿಂಗನ ಮೇಲಿನ ಯುದ್ಧದಲ್ಲೂ ಫಜ್ಲುಲ್ಲಾನ ಚಾತುರ್ಯ ಕಾಣುತ್ತದೆ. ಅಹಮದ್ ಖಾನ ಸತ್ತನೆಂಬ ಸುದ್ದಿಗೆ ಸೇನೆ ಕಂಗೆಟ್ಟಾಗ ಆತ ನಗಾರಿ ಹೊಡೆಸಿ, ಸುಲ್ತಾನನೇ ಬರುತ್ತಿದ್ದಾನೆಂದು ಸಾರಿಸಿ ಸೈನಿಕರನ್ನು ನಿಲ್ಲಿಸಿದನು. ಫಿರೋಜ್ ತೈಮೂರನ ಬಳಿಗೆ ಕಳಿಸಿದ ರಾಯಭಾರದ ಮುಖ್ಯಸ್ಥ ಈತನ ಅಳಿಯ ತಖಿಯುದ್ದೀನ್ ಮುಹಮ್ಮದ್.

1406ರ ಯುದ್ಧಕ್ಕೆ ಕಾರಣಳಾದವಳು ಮುದಗಲ್ಲಿನ ಅಕ್ಕಸಾಲಿಗನ ಮಗಳು ಎಂಬ ಕಥೆಯನ್ನು ಎಲ್ಲರೂ ಬಲ್ಲರು. ಆಕೆಯನ್ನು ಬಯಸಿದ ಒಂದನೆಯ ದೇವರಾಯ ಸೇನೆಯನ್ನು ಕಳಿಸಿದನು. ಆದರೆ ಆ ಕುಟುಂಬ ಊರು ಬಿಟ್ಟಿತ್ತು. ಬರಿಗೈಯಲ್ಲಿ ಮರಳಿದ ಸೇನೆ ದಾರಿಯ ಊರುಗಳನ್ನು ಸೂರೆಮಾಡಿತು. ಅಲ್ಲಿಗೆ, ಪ್ರಜೆಗಳನ್ನು ಪೀಡಿಸುವುದಿಲ್ಲವೆಂಬ 1398ರ ಕರಾರು ಎಂಟು ವರ್ಷಗಳಲ್ಲೇ ಮುರಿಯಿತು. ಪ್ರತಿಯಾಗಿ ನಡೆದ ದಂಡಯಾತ್ರೆಯಲ್ಲಿ ಬೇರಾರಿನ ಸೇನೆಯೊಡನೆ ಬಂಕಾಪುರವನ್ನು ಮುತ್ತಲು ಹೋದವನು ಆ ಕರಾರನ್ನು ಕುದುರಿಸಿದ ಫಜ್ಲುಲ್ಲಾನೇ. ಕಡೆಗೆ ದೇವರಾಯ ತನ್ನ ಮಗಳನ್ನು ಫಿರೋಜನಿಗೆ ಮದುವೆ ಮಾಡಿಕೊಟ್ಟು ಬಂಕಾಪುರವನ್ನು ಬಿಟ್ಟುಕೊಟ್ಟನು.

ಪಾನಗಲ್ಲಿನ ಕೊನೆ

1417ರಲ್ಲಿ ಫಿರೋಜ್ ಕೃಷ್ಣೆಯ ಉತ್ತರಕ್ಕಿರುವ ಪಾನಗಲ್ಲು ಕೋಟೆಗೆ ಮುತ್ತಿಗೆ ಹಾಕಿದನು. ಎರಡು ವರ್ಷಗಳಾದರೂ ಕೋಟೆ ಬೀಳಲಿಲ್ಲ. ಸೇನೆಯಲ್ಲಿ ರೋಗ ಹರಡಿ ಜನರೂ ಕುದುರೆಗಳೂ ಸತ್ತವು. ಅಷ್ಟರಲ್ಲಿ ವಿಜಯನಗರದ ಸೇನೆ ಬಂದು ಎದುರು ನಿಂತಿತು. ಈ ಕಾಳಗದಲ್ಲಿ ಫಜ್ಲುಲ್ಲಾ ಶತ್ರುಗಳನ್ನು ಹಿಮ್ಮೆಟ್ಟಿಸುತ್ತಿದ್ದಾಗ, ರಾಯನ ಕಡೆಯ ಆಮಿಷಕ್ಕೆ ಒಳಗಾದ ಅವನದೇ ಒಬ್ಬ ಕನ್ನಡಿಗ ಸೇವಕ ತಲೆಗೆ ಹೊಡೆದು ಕೊಂದನೆಂದು ಫಿರಿಸ್ತಾ ಹೇಳುತ್ತಾನೆ. ಅಲ್ಲಿಂದ ಮುಂದೆ ಬಹಮನಿ ಸೇನೆ ಚದುರಿತು. ಆ ಸೋಲಿನಿಂದ ಫಿರೋಜ್ ಚೇತರಿಸಿಕೊಳ್ಳಲಿಲ್ಲ. 1422ರಲ್ಲಿ ಪಟ್ಟ ತಮ್ಮನ ಪಾಲಾಯಿತು. ಕೆಲವೇ ವರ್ಷಗಳಲ್ಲಿ ರಾಜಧಾನಿ ಬೀದರಿಗೆ ಸಾಗಿತು.

1398ರ ಕಥೆಯನ್ನೂ ಈ ಕಥೆಯನ್ನೂ ಜೊತೆಗಿಟ್ಟು ನೋಡಬೇಕು. ಎರಡರ ಹಂದರ ಒಂದೇ: ಹತ್ತಿರಕ್ಕೆ ಬಿಟ್ಟುಕೊಂಡವನ ಕೈಯಿಂದ ಸಾವು, ಅದರ ಬೆನ್ನಿಗೆ ಸೇನೆಯ ಓಟ. ಖಾಜಿ ಸಿರಾಜ್ ಆಟಗಾರನಾಗಿ ಡೇರೆಯನ್ನು ಹೊಕ್ಕು ಕೊಂದರೆ ಅದು ಸಾಹಸ. ಕನ್ನಡಿಗ ಸೇವಕ ಒಡೆಯನನ್ನು ಕೊಂದರೆ ಅದು ದ್ರೋಹ. ಬಿಜಾಪುರದಲ್ಲಿ ಕುಳಿತು ಬರೆದ ಚರಿತ್ರಕಾರನಿಗೆ ಈ ಎರಡು ಅಳತೆಗಳು ಸಹಜವಾಗಿದ್ದವು. ಇಂದು ಅದೇ ಗ್ರಂಥವನ್ನು ಓದುವ ಕನ್ನಡಿಗರಲ್ಲಿ ಕೆಲವರು ಅಳತೆಗಳನ್ನು ತಿರುಗಿಸಿ, ಸೇವಕನನ್ನು ನಾಡಾಭಿಮಾನಿಯೆಂದೂ ಖಾಜಿಯನ್ನು ಕಪಟಿಯೆಂದೂ ಕರೆಯಬಹುದು. ಅದರಿಂದ ತಕ್ಕಡಿಯ ಪರಡಿಗಳು ಅದಲುಬದಲಾಗುತ್ತವೆಯೇ ಹೊರತು ತೂಕ ಸರಿಯಾಗುವುದಿಲ್ಲ. ಇಬ್ಬರ ಕೃತ್ಯವೂ ನಂಬಿಕೆಯನ್ನು ಬಳಸಿಕೊಂಡ ಕೊಲೆಯೇ. ವಾದಿಗೂ ಪ್ರತಿವಾದಿಗೂ ಒಂದೇ ನಿಯಮವೆಂಬ ಖಾಜಿಯ ಪೀಠದ ಮೊದಲ ಪಾಠವನ್ನು ಆ ಪೀಠದವರ ಚರಿತ್ರೆಗೇ ಅನ್ವಯಿಸಬೇಕಾಗಿದೆ.

ಈ ಯುದ್ಧಗಳನ್ನು ಎರಡು ಧರ್ಮಗಳ ಹೋರಾಟವೆಂದು ಸರಳಗೊಳಿಸುವವರು ಫಜ್ಲುಲ್ಲಾನ ಜೀವನದ ವಿವರಗಳನ್ನು ಗಮನಿಸಬೇಕು. ಶಿರಾಜಿನ ಪಂಡಿತನಿಗೆ ಕನ್ನಡಿಗ ಸೇವಕನಿದ್ದನು. ವಿಜಯನಗರದ ರಾಯ ಕಲಬುರಗಿಯ ಸುಲ್ತಾನನಿಗೆ ಮಾವನಾದನು. ಸುಲ್ತಾನ ಹೋರಾಡಿದ್ದು ಕೋಟೆ ಕಂದಾಯಗಳಿಗಾಗಿ. ಇದಾವುದರಲ್ಲೂ ಪಾಲಿಲ್ಲದೆ ಎಲ್ಲದರ ಬೆಲೆ ತೆತ್ತವರು ಎರಡು ಹೊಳೆಗಳ ನಡುವಿನ ಒಕ್ಕಲುಗಳು. ಯಾವ ಸೇನೆ ಯಾವ ಹೊಳೆಯನ್ನು ದಾಟಿದರೂ ಅದು ತುಳಿದದ್ದು ಅವರ ಜೋಳದ ಹೊಲವನ್ನೇ. ಮುದಗಲ್ಲಿನ ಮೊಹರಮ್ಮಿನಲ್ಲಿ ಇಂದಿಗೂ ಎಲ್ಲ ಜಾತಿಯವರು ಕೂಡಿ ಆಲಾವಿಯ ಸುತ್ತ ಹೆಜ್ಜೆ ಹಾಕುತ್ತಾರೆ, ಕನ್ನಡದಲ್ಲೇ ರಿವಾಯತ್ ಹಾಡುತ್ತಾರೆ. ಆ ಹಾಡುಗಳು ನೆನೆಯುವುದು ಗೆದ್ದ ಸುಲ್ತಾನನನ್ನಲ್ಲ, ಗೆದ್ದ ರಾಯನನ್ನಲ್ಲ. ಕರ್ಬಲದಲ್ಲಿ ಅನ್ಯಾಯವಾಗಿ ಸತ್ತವರನ್ನು.

ಫಜ್ಲುಲ್ಲಾನ ಪದವಿಗಳೂ ಹಾಗೆಯೇ ಜನರ ಬಾಯಲ್ಲಿ ಬೇರೆ ರೂಪ ತಾಳಿ ಉಳಿದಿವೆ. ಖಾಜಿ ಈ ಭಾಗದ ಪಟ್ಟಣಗಳಲ್ಲಿ ಇಂದಿಗೂ ನಿಕಾಹ್ ನಡೆಸಿ ದಾಖಲಿಸುತ್ತಾನೆ. ಸಿಂಧನೂರು, ಲಿಂಗಸುಗೂರುಗಳ ನ್ಯಾಯಾಲಯದ ಅಂಗಳದಲ್ಲಿ ಫಿರ್ಯಾದಿ, ಜಾಮೀನು, ತಕರಾರು, ರಾಜಿ, ಹಾಜರು ಎಂಬ ಮಾತುಗಳಿಲ್ಲದೆ ಒಂದು ದಿನವೂ ಸಾಗದು. ಅರಸನ ಪರವಾಗಿ ರಾಜ್ಯವಾಳುವವನನ್ನು ಆ ಕಾಲ ವಕೀಲನೆಂದಿತು. ಇಂದು ಮುಕ್ಕುಂದದ ರೈತ ಹೊಲದ ಬದುವಿನ ವ್ಯಾಜ್ಯಕ್ಕೆ ಕಾಗದದ ಗಂಟು ಹಿಡಿದು ಹುಡುಕಿಕೊಂಡು ಹೋಗುವವನೂ ವಕೀಲನೇ. ಅಂದು ಅರಸನ ಪರ ನಿಲ್ಲುವವನ ಹೆಸರಾಗಿದ್ದುದು ಇಂದು ಪ್ರಜೆಯ ಪರ ನಿಲ್ಲುವವನ ಹೆಸರಾಗಿದೆ. 1398ರ ಕರಾರಿನಲ್ಲಿ ಪ್ರಜೆಗಳನ್ನು ಪೀಡಿಸಬಾರದೆಂದು ಸೇರಿದ ಆ ಒಂದು ಮಾತು ಈ ದೀರ್ಘವಾದ ಹಾದಿಯ ಆರಂಭದಲ್ಲಿ ನಿಂತಿದೆ.